ಎಲೆಯಡಿಕೆ ಸಂಚಿ ಬಿಚ್ಚಿಸುವ ಕೆಲಸ

ಇಪ್ಪತ್ತಾರು ವರ್ಷ ಏನು ಕೆಲಸ ಮಾಡಿದಿರಿ ಎಂದು ಯಾರಾದರೂ ಕೇಳಿದರೆ, ಬೇರೆಯವರ ಬಾಯಿಗೆ ಟಾರ್ಚ್ ಬಿಟ್ಟು ನೋಡಿದೆ ಎಂದು ಹೇಳಿಬಿಡುತ್ತೇನೆ. ಹಾಗಾದರೆ ಹಲ್ಲಿನ ಡಾಕ್ಟರಾ ಎನ್ನುತ್ತಾರೆ. ಅಲ್ಲ. ನರ್ಸೂ ಅಲ್ಲ. ಶಿವಮೊಗ್ಗದ ಒಂದು ಟ್ರಸ್ಟಿನಲ್ಲಿ ಕ್ಷೇತ್ರ ಸಂಯೋಜಕಿ ಎಂಬ ಉದ್ದ ಹೆಸರಿನ ಹುದ್ದೆ ನನ್ನದು. ಊರೂರು ತಿರುಗಿ ಹೊಗೆಸೊಪ್ಪು, ಕಡ್ಡಿಪುಡಿ, ಬೀಡಿ, ಗುಟ್ಕಾ ಬಿಡಿಸುವುದು ನಮ್ಮ ಟ್ರಸ್ಟಿನ ಕೆಲಸ. ಕಳೆದ ವರ್ಷ ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟು ನನ್ನನ್ನು ಮನೆಗೆ ಕಳಿಸಿದರು. ಈಗ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಫೋನ್ ಮಾಡಿ, "ಮೇಡಂ, ಸ್ವಲ್ಪ ಟಿಪ್ಸ್ ಕೊಡಿ" ಅನ್ನುತ್ತಾರೆ. ಟಿಪ್ಸ್ ಕೊಡುವಷ್ಟು ಜಾಣೆಯಾಗಿದ್ದರೆ ನಾನು ಈಗ ಹೇಳಲಿರುವ ತಪ್ಪು ಮಾಡುತ್ತಿರಲಿಲ್ಲ. ಎಲ್ಲೆಲ್ಲಿ ಎಡವಿದೆ ಎನ್ನುವುದನ್ನಾದರೂ ಹೇಳಬಲ್ಲೆ. ಅದು ನಿಮಗೆ ಉಪಯೋಗಕ್ಕೆ ಬರಬಹುದು.

ಶುರುವಿನಲ್ಲಿ ನಮ್ಮ ಹತ್ತಿರ ಇದ್ದ ಒಂದೇ ಆಯುಧ ಪೋಸ್ಟರ್. ಕೊಳೆತ ಒಸಡು, ತೂತು ಬಿದ್ದ ಕೆನ್ನೆ, ಹೊಲಿಗೆ ಹಾಕಿದ ದವಡೆ, ಎಲ್ಲವೂ ಬಣ್ಣದಲ್ಲಿ. ಜನರನ್ನು ಹೆದರಿಸಿದರೆ ಬಿಡುತ್ತಾರೆ ಎಂದು ನಾವು ನಂಬಿದ್ದೆವು. ಕುಂಸಿಯ ಹತ್ತಿರ ಒಂದು ಹಳ್ಳಿಯ ಶಾಲೆಗೆ ಹೋಗಿದ್ದೆ. ಬಸ್ಸು ತಡವಾಗಿ, ನಾನು ತಲುಪುವ ಹೊತ್ತಿಗೆ ಮಕ್ಕಳು ಬಿಸಿಯೂಟಕ್ಕೆ ಸಾಲಾಗಿ ಕೂತಿದ್ದರು. ಸಮಯ ಹಾಳು ಮಾಡುವುದು ಬೇಡವೆಂದು ಅಲ್ಲೇ ಗೋಡೆಗೆ ಪೋಸ್ಟರ್ ಅಂಟಿಸಿ ಶುರು ಮಾಡಿದೆ. ಅವತ್ತು ಅನ್ನ ಸಾರು ಹಂಡೆಯಲ್ಲೇ ಉಳಿಯಿತು. ಇಬ್ಬರು ವಾಂತಿ ಮಾಡಿಕೊಂಡರು. ಅಡುಗೆಯಮ್ಮ ಸೌಟು ಹಿಡಿದುಕೊಂಡೇ ಬಂದು, "ಬೆಳಗ್ಗಿಂದ ಒಲೆ ಮುಂದೆ ಬೆಂದಿದೀನಿ. ಇದನ್ನೆಲ್ಲ ಈಗ ನಿಮ್ಮನೇಗೆ ತಗೊಂಡು ಹೋಗ್ತೀರಾ?" ಎಂದು ಕೇಳಿದರು. ಅವರ ಕೋಪ ಸರಿಯಾಗಿಯೇ ಇತ್ತು. ಆ ಪೋಸ್ಟರ್ ನೋಡಿ ಯಾರಾದರೂ ಹೊಗೆಸೊಪ್ಪು ಬಿಟ್ಟರೋ ಇಲ್ಲವೋ ನನಗೆ ಗೊತ್ತಿಲ್ಲ, ಮಕ್ಕಳು ಊಟ ಬಿಟ್ಟದ್ದಂತೂ ನಿಜ.

ಆಮೇಲೆ ಪ್ರಶ್ನಾವಳಿ ಬಂತು. "ತಂಬಾಕು ಬಳಸುತ್ತೀರಾ? ದಿನಕ್ಕೆ ಎಷ್ಟು ಸಲ?" ಎಂದು ಕೇಳಿ ಗುರುತು ಹಾಕಿಕೊಳ್ಳಬೇಕು. ಹೆಂಗಸರೆಲ್ಲ ಇಲ್ಲ ಎಂದೇ ಹೇಳುತ್ತಿದ್ದರು. ಹಲ್ಲು ಮಾತ್ರ ಬೇರೆ ಹೇಳುತ್ತಿತ್ತು. ಒಮ್ಮೆ ಕುಂಸಿಯಲ್ಲೇ ಒಬ್ಬ ಅಜ್ಜಿ ನನ್ನ ಕೈಯಲ್ಲಿದ್ದ ಕಾಗದ ಕಸಿದು ಪಕ್ಕಕ್ಕಿಟ್ಟು, "ಕೂತ್ಕೋ ಮಾರಾಯ್ತಿ, ಮೊದ್ಲು ಎಲೆ ಹಾಕ್ಕೋ" ಎಂದು ಸೊಂಟದ ಸಂಚಿ ಬಿಚ್ಚಿದರು. ಒಂದು ಅರೆಯಲ್ಲಿ ಎಲೆ, ಒಂದರಲ್ಲಿ ಅಡಿಕೆ, ಸಣ್ಣ ಡಬ್ಬಿಯಲ್ಲಿ ಸುಣ್ಣ, ಎಲ್ಲದರ ಕೆಳಗೆ ಮಡಚಿಟ್ಟ ಹೊಗೆಸೊಪ್ಪು. ನನ್ನ ಪ್ರಶ್ನಾವಳಿಯ ಎಲ್ಲ ಉತ್ತರವೂ ಆ ಸಂಚಿಯಲ್ಲಿತ್ತು. ಅಂದಿನಿಂದ ನಾನು ಕಾಗದ ಹೊರತೆಗೆಯುವುದನ್ನು ಬಿಟ್ಟೆ. ಹೋಗಿ ಕೂರುವುದು, ಸಂಚಿ ಬಿಚ್ಚುವವರೆಗೆ ಕಾಯುವುದು, ಹೊಗೆಸೊಪ್ಪು ಬಿಟ್ಟು ಎಲೆ ಮಾತ್ರ ತೆಗೆದುಕೊಳ್ಳುವುದು, ಯಾವಾಗಿನಿಂದ ಅಭ್ಯಾಸ, ಯಾರು ಕಲಿಸಿದರು ಎಂದು ಕೇಳುವುದು. ಹೊಸಬರಿಗೆ ನಾನು ಹೇಳಿಕೊಡುತ್ತಿದ್ದದ್ದು ಇಷ್ಟೇ. ಹೇಳಿಕೊಡುವುದು ಸುಲಭ, ನೆನಪಿಟ್ಟುಕೊಳ್ಳುವುದು ಕಷ್ಟ ಎಂದು ಮುಂದೆ ಗೊತ್ತಾಯಿತು.

ನಮ್ಮ ಕಾರ್ಯದರ್ಶಿ ಸದಾಶಿವಯ್ಯನವರು. ಇತಿಹಾಸದ ಮೇಷ್ಟರಾಗಿ ನಿವೃತ್ತರಾಗಿ ಟ್ರಸ್ಟಿಗೆ ಬಂದವರು. ಒಳ್ಳೆಯ ಮನುಷ್ಯ, ಆದರೆ ಎರಡು ನಿಮಿಷದ ಮಾತಿಗೆ ಅರ್ಧ ಗಂಟೆ ಪೀಠಿಕೆ. ಅವರೇ ಐದಾರು ವರ್ಷದ ಹಿಂದೆ ಈ ಗ್ಯಾಪ್ ಇಯರ್ ಕಾರ್ಯಕ್ರಮ ಶುರು ಮಾಡಿದ್ದು. ಪಿಯುಸಿ ಮುಗಿಸಿ ಕಾಲೇಜಿಗೆ ಸೇರುವ ಮುಂಚೆ ಒಂದು ವರ್ಷ ಬಿಡುವು ಮಾಡಿಕೊಂಡ ಮಕ್ಕಳು ನಮ್ಮ ಜೊತೆ ಹಳ್ಳಿಗಳಲ್ಲಿ ಕೆಲಸ ಮಾಡಬೇಕು, ಕೊನೆಯಲ್ಲಿ ಸರ್ಟಿಫಿಕೇಟ್. ಬೇರೆ ದೇಶಗಳಲ್ಲಿ ಮಕ್ಕಳು ಇದನ್ನು ಇಷ್ಟಪಟ್ಟು ಮಾಡುತ್ತಾರಂತೆ. ನಮ್ಮಲ್ಲಿ ಬರುವವರೆಲ್ಲ ಸೀಟು ಸಿಗದವರು. ಅಪ್ಪ ಅಮ್ಮಂದಿರು ಆಫೀಸಿಗೆ ಬಂದು, ಪಕ್ಕದಲ್ಲಿ ಮಗ ಅಥವಾ ಮಗಳು ತಲೆ ತಗ್ಗಿಸಿ ಕೂತಿರುವಾಗಲೇ, "ಒಂದು ವರ್ಷ ಹಾಳಾಯ್ತು ಮೇಡಂ, ಏನಾದ್ರೂ ಮಾಡ್ಲಿ" ಎನ್ನುತ್ತಿದ್ದರು. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಹದಿನೆಂಟು ವರ್ಷದ ಮಕ್ಕಳ ವರ್ಷ ಹಾಳಾಗಲು ಅದೇನು ಹಾಲಾ?

ಈ ಮಕ್ಕಳಲ್ಲೂ ತರಹೇವಾರಿ. ಒಬ್ಬ ಹುಡುಗ ಬಂದ ವಾರದಲ್ಲೇ ನಲವತ್ತು ಮನೆಯ ಸಮೀಕ್ಷೆ ಮುಗಿಸಿದ. ಭೇಷ್ ಎಂದೆವು. ಆಮೇಲೆ ನೋಡಿದರೆ ಮರದ ಕೆಳಗೆ ಕೂತು ಎಲ್ಲ ಮನೆಯ ಉತ್ತರವನ್ನೂ ತಾನೇ ತುಂಬಿದ್ದ. ಇನ್ನೊಬ್ಬಳು ಪ್ರತಿ ಮನೆಯಲ್ಲೂ ಕೊಟ್ಟ ಕಾಫಿಯನ್ನು ಬೇಡವೆನ್ನಲಾರದೆ ಕುಡಿದು, ಹನ್ನೊಂದನೇ ಮನೆಯಲ್ಲಿ ತಲೆ ತಿರುಗಿ ಕೂತುಬಿಟ್ಟಳು. ಕಾಫಿ ಬೇಡ ಎನ್ನಬಾರದು, ಅರ್ಧ ಲೋಟ ಸಾಕು ಎನ್ನಬೇಕು ಎಂಬುದನ್ನೂ ಈ ಕೆಲಸದಲ್ಲಿ ಕಲಿಯಬೇಕಾಗುತ್ತದೆ.

ನನ್ನ ಕೊನೆಯ ವರ್ಷದ ತಂಡದಲ್ಲಿ ಹರ್ಷಿತಾ ಎಂಬ ಹುಡುಗಿ ಇದ್ದಳು. ಮೆಡಿಕಲ್ ಸೀಟು ಸಿಕ್ಕಿರಲಿಲ್ಲ. ಇನ್ನೊಂದು ಸಲ ಕೋಚಿಂಗ್‌ಗೆ ಹೋಗು ಎಂದು ಮನೆಯವರು, ಆಗಲ್ಲ ಎಂದು ಅವಳು. ಮಾತು ಕಡಿಮೆ, ನೋಟ ನೇರ. ತರಬೇತಿಯ ಮೊದಲ ದಿನ ಸದಾಶಿವಯ್ಯನವರು ತಾವೇ ಮಾಡಿದ ಸ್ಲೈಡು ತೋರಿಸಿದರು. ತಂಬಾಕು ನಮ್ಮ ಗಿಡವಲ್ಲ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಪುರಾಣದಲ್ಲಿಲ್ಲ, ಶರಣರ ಕಾಲದಲ್ಲಿ ಇರಲಿಲ್ಲ, ಹೆಚ್ಚೆಂದರೆ ನಾನ್ನೂರು ವರ್ಷದ ನಂಟು. ಅಜ್ಜ ಅಜ್ಜಿಯರು "ಇದು ನಮ್ಮ ಹಿರಿಯರ ಕಾಲದಿಂದ ಬಂದದ್ದು" ಎಂದಾಗ ಈ ಉತ್ತರ ಕೊಡಿ, ಬಾಯಿ ಮುಚ್ಚುತ್ತಾರೆ ಎಂದರು. ಬಾಯಿ ತೆರೆಸುವ ಕೆಲಸದವರಿಗೆ ಬಾಯಿ ಮುಚ್ಚಿಸುವ ಉಪಾಯ. ಆಗ ನನಗೂ ಅದು ಹೊಳೆಯಲಿಲ್ಲ. ಬಹಳ ಚೆನ್ನಾಗಿದೆ ಎಂದು ಚಪ್ಪಾಳೆ ತಟ್ಟಿದೆ.

ಆ ಉತ್ತರವನ್ನು ಮೊದಲು ಪ್ರಯೋಗಿಸಿದ್ದು ಹೊಳಲೂರಿನಲ್ಲಿ. ಅರಳಿಕಟ್ಟೆಯ ಮೇಲೆ ಹತ್ತು ಹದಿನೈದು ಜನ ಗಂಡಸರು ಕೂತಿದ್ದರು. ನಾನು ಹಡಗು, ಪೋರ್ಚುಗೀಸರು, ನಾನ್ನೂರು ವರ್ಷ ಎಲ್ಲ ಹೇಳಿ ಗೆದ್ದವಳ ಹಾಗೆ ನಿಂತೆ. ಬಿಳಿ ಮೀಸೆಯ ಒಬ್ಬ ರೈತರು ನಿಧಾನವಾಗಿ ಕೇಳಿದರು. "ಮೇಡಂ, ಮೆಣಸಿನಕಾಯಿನೂ ಅದೇ ಹಡಗಲ್ಲಿ ಬಂತು ಅಂತ ರೇಡಿಯೋದಲ್ಲಿ ಹೇಳಿದ್ರು. ಹೌದಾ?"

"ಹೌದು," ಎಂದೆ.

"ಟೊಮೆಟೊ, ಆಲೂಗಡ್ಡೆ?"

"ಅವೂ ಅಷ್ಟೇ."

"ಹಂಗಾದ್ರೆ ಇವತ್ತಿಂದ ನಮ್ಮನೇಲಿ ಸಾರು ಮಾಡ್ಬೇಡ ಅಂತ ಹೇಳ್ಲಾ?"

ಕಟ್ಟೆಗೆ ಕಟ್ಟೆಯೇ ನಕ್ಕಿತು. ಹರ್ಷಿತಾ ಕೂಡ ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು. ನನಗೆ ಅವಮಾನವಾಗಿತ್ತು. ಆ ಅವಮಾನವನ್ನು ಅಲ್ಲೇ ನಕ್ಕು ಬಿಟ್ಟುಬಿಟ್ಟಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಹರ್ಷಿತಾ ಮಾತ್ರ ಆ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡಳು. ನವುಲೆಯ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದ ದೊಡ್ಡಪ್ಪನ ಮಗಳಿಂದ ಪುಸ್ತಕ ತರಿಸಿಕೊಂಡು, ಹಡಗು ಹತ್ತುವ ಮುಂಚೆ ಈ ಗಿಡ ಎಲ್ಲಿತ್ತು ಎಂದು ಓದತೊಡಗಿದಳು. ಒಂದು ಮಧ್ಯಾಹ್ನ ಆಫೀಸಿನಲ್ಲಿ ಡಬ್ಬಿ ಬಿಚ್ಚಿ ಊಟ ಮಾಡುವಾಗ ಹೇಳಿದಳು. "ಮೇಡಂ, ಸಮುದ್ರದಾಚೆ ಈ ಗಿಡ ಹುಟ್ಟಿದ ನಾಡಿನ ಜನ ಸಾವಿರಾರು ವರ್ಷದಿಂದ ಇದನ್ನ ಬಳಸ್ತಿದ್ರಂತೆ. ಬೇಸಾಯ ಕಲಿಯೋಕೂ ಮುಂಚೆ, ಬೇಟೆಯಾಡ್ಕೊಂಡಿದ್ದವರ ಒಲೆ ಬೂದೀಲಿ ಇದರ ಬೀಜ ಸಿಕ್ಕಿದೆ. ದೇವರಿಗೆ ಹೊಗೆ ಹಾಕೋರು. ಸತ್ತವರಿಗೆ ಇಡೋರು. ಜಗಳ ಆಡಿದವರು ರಾಜಿ ಆದಾಗ ಒಟ್ಟಿಗೆ ಕೂತು ಸೇದೋರು. ಹಲ್ಲುನೋವಿಗೂ ಇದೇ ಔಷಧಿ. ನಮ್ಮ ಸ್ಲೈಡಲ್ಲಿ ಇದೇನೂ ಇಲ್ವಲ್ಲ?"

"ಇರಬಾರದು ಕೂಡ," ಎಂದೆ. "ಪೂಜೆಗೆ ಇಡ್ತಿದ್ರು ಅಂತ ನೀನು ಹೇಳಿದ್ರೆ ನಾಳೆಯಿಂದ ಇವ್ರು ಹೊಗೆಸೊಪ್ಪಿಗೆ ಅರಿಶಿನ ಕುಂಕುಮ ಹಚ್ಚಿ ತಿಂತಾರೆ. ಎಲ್ಲೂ ಬಾಯಿ ಬಿಡ್ಬೇಡ."

"ಸರಿ ಮೇಡಂ," ಎಂದಳು. ಸರಿ ಎಂದು ಅವಳಿಗೆ ಅನ್ನಿಸಿರಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು.

ಜುಲೈನಲ್ಲಿ ಭದ್ರಾವತಿಯ ಹಳೆಯ ಕಾರ್ಖಾನೆ ವಸತಿಯಲ್ಲಿ ಬಾಯಿ ತಪಾಸಣೆ ಶಿಬಿರ ಇಟ್ಟೆವು. ಅಲ್ಲಿಗೆ ಪಾರ್ವತಮ್ಮ ಬಂದಿದ್ದರು. ಅರವತ್ತೆಂಟರ ಆಸುಪಾಸು. ಗಂಡ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಪಕ್ಕದ ಮನೆಯ ತಮಿಳಿನವರು, ಎದುರು ಮನೆಯ ತೆಲುಗಿನವರು ಎಲ್ಲರಿಗೂ ಇವರು ಅಕ್ಕ. ಹೂಬತ್ತಿ ಹೊಸೆದು ಅಂಗಡಿಗೆ ಕೊಡುತ್ತಿದ್ದರು. ಶಿಬಿರದ ದಂತವೈದ್ಯರು ಅವರ ಎಡಗೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ, ಅದರ ನಡುವೆ ಸಾಸಿವೆ ಕಾಳಿನಷ್ಟು ಕೆಂಪು ಹುಣ್ಣು ನೋಡಿದರು. ನನ್ನನ್ನು ಪಕ್ಕಕ್ಕೆ ಕರೆದು, ಇದನ್ನು ಬಿಡುವ ಹಾಗಿಲ್ಲ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಈ ವಾರವೇ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು.

ಪಾರ್ವತಮ್ಮ ಚೀಟಿ ಮಡಚಿ ಸೆರಗಿಗೆ ಕಟ್ಟಿಕೊಂಡು, "ಹಿರಿಯರ ಹಬ್ಬ ಕಳೀಲಿ, ಬರ್ತೀನಿ" ಎಂದರು. ಮಹಾಲಯದ ಹಬ್ಬಕ್ಕೆ ಇನ್ನೂ ಎರಡು ತಿಂಗಳ ಮೇಲಿತ್ತು. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಯೆಲೆಯ ಮೇಲೆ ಎಡೆ ಇಡುವುದು ನಮ್ಮ ಕಡೆ ರೂಢಿ. ಕಡುಬು, ವಡೆಯ ಜೊತೆ ಬೀಡಿ ಸೇದುತ್ತಿದ್ದವರಿಗೆ ಬೀಡಿ, ಹೊಗೆಸೊಪ್ಪು ಹಾಕುತ್ತಿದ್ದವರಿಗೆ ಹೊಗೆಸೊಪ್ಪು. ಆಮೇಲೆ ಆ ಎಡೆಯನ್ನು ಮನೆಯವರು ಪ್ರಸಾದವೆಂದು ತಿನ್ನಬೇಕು. ಈಗ ಆಸ್ಪತ್ರೆಗೆ ಹೋದರೆ ಹೊಗೆಸೊಪ್ಪು ಬಿಡಿಸುತ್ತಾರೆ, ಬಿಟ್ಟರೆ ಗಂಡನ ಎಡೆಯ ಪಾಲು ತಿನ್ನುವಂತಿಲ್ಲ. ಇದು ಅವರ ಲೆಕ್ಕಾಚಾರ. ನನಗೆ ಅದು ಬರೀ ನೆಪ ಎಂದು ಕಂಡಿತು.

ನಾಲ್ಕು ದಿನ ಬಿಟ್ಟು ಹರ್ಷಿತಾಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಮುಂದಿನ ಕೋಣೆಯ ಗೋಡೆಯ ಮೇಲೆ ಗಂಡನ ಫೋಟೋ, ಅದರ ಕೆಳಗೆ ಮೊಳೆಗೆ ನೇತುಹಾಕಿದ ಸಂಚಿ. ಇಪ್ಪತ್ತು ವರ್ಷ ಊರಿಗೆಲ್ಲ ಹೇಳಿಕೊಟ್ಟದ್ದನ್ನು ನಾನೇ ಮಾಡುವುದಾಗಿದ್ದರೆ, ಕೂತು, ಸಂಚಿ ಕೆಳಗಿಳಿಸುವವರೆಗೆ ಕಾದು, ಯಾರು ಕಲಿಸಿದರು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಹೊಳಲೂರಿನ ನಗು ಇನ್ನೂ ಕಿವಿಯಲ್ಲಿತ್ತು. ಈ ಸಲ ಗೆಲ್ಲಲೇಬೇಕು ಅನ್ನಿಸಿತ್ತು. ಪಕ್ಕದ ಮನೆಯ ಇಬ್ಬರು ಹೆಂಗಸರು ಬಾಗಿಲಲ್ಲಿ ನಿಂತಿದ್ದರು, ಅವರಿಗೂ ಪಾಠವಾಗಲಿ ಎಂದು ದನಿ ಎತ್ತರಿಸಿಯೇ ಹೇಳಿದೆ.

"ನೋಡಿ ಪಾರ್ವತಮ್ಮ, ಈ ಗಿಡ ನಮ್ಮದೇ ಅಲ್ಲ. ನಾನ್ನೂರು ವರ್ಷದ ಹಿಂದೆ ನಿಮ್ಮ ಹಿರಿಯರಿಗೆ ಹೊಗೆಸೊಪ್ಪು ಅಂದ್ರೆ ಏನು ಅಂತಾನೇ ಗೊತ್ತಿರ್ಲಿಲ್ಲ. ಅವ್ರಿಗೆ ಗೊತ್ತೇ ಇಲ್ಲದ್ದನ್ನ ಎಡೆಗಿಡ್ತೀನಿ ಅಂತ ನೆಪ ಮಾಡ್ಕೊಂಡು ನೀವು ತಿಂತಿದೀರಿ ಅಷ್ಟೇ."

ಪಾರ್ವತಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

"ನನ್ನ ಯಜಮಾನ್ರು ಸತ್ತು ನಾನ್ನೂರು ವರ್ಷ ಆಗಿಲ್ಲ ಕಣಮ್ಮ," ಎಂದರು. "ಆರು ವರ್ಷ ಆಯ್ತು."

ಬೈಯಲಿಲ್ಲ, ಅಳಲಿಲ್ಲ. ಎದ್ದು ಸಂಚಿಯನ್ನು ಮೊಳೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಒಲೆಯ ಮೇಲಿದ್ದ ಕಾಫಿಯನ್ನು ಎರಡು ಲೋಟಕ್ಕೆ ಬಗ್ಗಿಸಿ ಕೊಟ್ಟರು. ಮುಂದಿನ ವಾರ ನಾನು ಹೋದಾಗ ಬಾಗಿಲು ತೆರೆಯಲಿಲ್ಲ. ಅದರ ಮುಂದಿನ ವಾರವೂ ತೆರೆಯಲಿಲ್ಲ. ಒಳಗೆ ರೇಡಿಯೋ ಹಾಡುತ್ತಿತ್ತು.

ನಮ್ಮ ಕಡತದಲ್ಲಿ ಇಂಥವರಿಗೆ ಒಂದು ಪದ ಇದೆ, ಅಸಹಕಾರ. ಅದನ್ನು ಬರೆದು ಮುಂದಿನ ಮನೆಗೆ ಹೋಗುವುದು ರೂಢಿ. ನಾನೂ ಹೋಗುತ್ತಿದ್ದೆ. ಹರ್ಷಿತಾ ಬಂದು, "ಮೇಡಂ, ಮಂಗಳವಾರ ಮಂಗಳವಾರ ನಾನೊಬ್ಬಳೇ ಹೋಗ್ಬರ್ಲಾ?" ಎಂದು ಕೇಳಿದಳು. ಹೋಗಿ ಏನು ಹೇಳ್ತೀಯ ಎಂದೆ. "ಏನೂ ಹೇಳಲ್ಲ. ಬತ್ತಿ ಹೊಸೆಯೋದು ಕಲಿಸ್ತೀರಾ ಅಂತ ಕೇಳ್ತೀನಿ," ಎಂದಳು. ಅವಳು ಹೋದಳು. ಮೊದಲ ಮಂಗಳವಾರ ಜಗುಲಿಯ ಮೇಲೆ ಕೂರಿಸಿದರಂತೆ, ಎರಡನೆಯ ಮಂಗಳವಾರ ಒಳಗೆ ಕರೆದರಂತೆ. ಅವಳ ಬತ್ತಿ ಸೊಟ್ಟಗಾಗಿ, ಉರಿಸಿದರೆ ಚಟಪಟ ಎನ್ನುತ್ತಿತ್ತಂತೆ. ಇಷ್ಟೇ ವರದಿ. ನನಗೆ ಒಳಗೊಳಗೇ ಚಡಪಡಿಕೆ. ಆ ಹುಣ್ಣು ಸಾಸಿವೆ ಕಾಳಿನಷ್ಟೇ ಇರುತ್ತದೆಯೇ? ಆಸ್ಪತ್ರೆ ಸುದ್ದಿ ಎತ್ತಿದೆಯಾ ಎಂದು ಪ್ರತಿ ಬುಧವಾರ ಕೇಳುತ್ತಿದ್ದೆ. ಎತ್ತುತ್ತೀನಿ, ಪ್ರತಿ ಸಲ ಎತ್ತುತ್ತೀನಿ, ಹಬ್ಬ ಕಳೀಲಿ ಅಂತಾರೆ ಎನ್ನುತ್ತಿದ್ದಳು.

ಆಗಸ್ಟ್ ಕೊನೆಯಲ್ಲಿ ಅವಳಿಗೆ ಸಂಚಿಯ ಕಥೆ ತಿಳಿಯಿತು. ಗಂಡ ಪಾಳಿ ಮುಗಿಸಿ ಬಂದು ಕೈಕಾಲು ತೊಳೆದು ಕೂತ ಕೂಡಲೇ ಪಾರ್ವತಮ್ಮ ಒಂದು ಹೊಗೆಸೊಪ್ಪಿನ ಎಸಳು ತೆಗೆದು ಎರಡು ಭಾಗ ಮಾಡುತ್ತಿದ್ದರು. ಅರ್ಧ ಅವರಿಗೆ, ಅರ್ಧ ಇವರಿಗೆ. ಮದುವೆಯಾದ ವರ್ಷ ಅವರೇ ಕಲಿಸಿದ್ದು. ಅದನ್ನು ಜಗಿಯುತ್ತ ಕೂತು ಆ ದಿನದ ಸುಖ ದುಃಖ ಮಾತಾಡುವುದು. ಬೇರೆ ಹೊತ್ತಿನಲ್ಲಿ ಅವರು ಮಾತಿನ ಮನುಷ್ಯನಲ್ಲವಂತೆ. ತೀರಿಕೊಂಡ ಮೇಲೂ ಪಾರ್ವತಮ್ಮ ಎಸಳನ್ನು ಎರಡು ಮಾಡುತ್ತಿದ್ದರು. ಅರ್ಧವನ್ನು ಸಂಚಿಯಲ್ಲಿ ಉಳಿಸಿ, ಅರ್ಧ ತಾವು ಹಾಕಿಕೊಳ್ಳುತ್ತಿದ್ದರು. ಉಳಿದ ಅರ್ಧಗಳೆಲ್ಲ ಸೇರಿ ಹಿರಿಯರ ಹಬ್ಬದ ಎಡೆ.

ಹರ್ಷಿತಾ ಇದನ್ನು ಹೇಳಿದಾಗ ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ನಾಚಿಕೆಯಾಯಿತು. ನಾನು ಅವರ ಚಟವನ್ನು ಬೈದೆ ಎಂದುಕೊಂಡಿದ್ದೆ. ಬೈದದ್ದು ಅವರ ಸಂಜೆಗಳನ್ನು.

ಹಬ್ಬಕ್ಕೆ ಒಂದು ವಾರ ಇರುವಾಗ ಹರ್ಷಿತಾ ನಾನು ಬೇಡವೆಂದದ್ದನ್ನು ಮಾಡಿದಳು. ಸಮುದ್ರದಾಚೆಯ ಜನರ ಕಥೆಯನ್ನೆಲ್ಲ ಪಾರ್ವತಮ್ಮನಿಗೆ ಹೇಳಿದಳು. ಅವರೂ ಸತ್ತವರಿಗೆ ಇದೇ ಎಲೆ ಇಡುತ್ತಿದ್ದರು, ಬೆಂಕಿಗೆ ಹಾಕಿ ಹೊಗೆಯಲ್ಲಿ ಕಳಿಸುತ್ತಿದ್ದರು ಎಂದಳು. ಪಾರ್ವತಮ್ಮ ಕೇಳಿದರಂತೆ, "ಎಲ್ಲಾನೂ ಅವ್ರಿಗೇ ಕೊಡೋರಾ? ತಾವು ತಿಂತಿರ್ಲಿಲ್ವಾ?"

ನಾನಾಗಿದ್ದರೆ ಹೂಂ, ತಿನ್ನುತ್ತಿರಲಿಲ್ಲ ಎಂದು ಹೇಳಿ ಕೆಲಸ ಮುಗಿಸುತ್ತಿದ್ದೆ. ಹರ್ಷಿತಾ, "ಇಲ್ಲ ಅಜ್ಜಿ, ಸುಳ್ಳು ಹೇಳಲ್ಲ. ಅವ್ರೂ ಜಗೀತಿದ್ರು, ಸೇದ್ತಿದ್ರು. ಆದ್ರೆ ಬೆಂಕಿಗೆ ಹಾಕಿದ್ದನ್ನ ಮಾತ್ರ ವಾಪಸ್ ತಗೋತಿರ್ಲಿಲ್ಲ," ಎಂದಳು. ಪಾರ್ವತಮ್ಮ ಅವಳ ತಲೆ ಸವರಿ, "ಹಬ್ಬಕ್ಕೆ ಬಾ. ಆ ನಿಮ್ಮ ಮೇಡಮ್ಮನ್ನೂ ಕರ್ಕೊಂಡು ಬಾ," ಎಂದರು.

ನಾನು ಹೋದೆ. ಪಾರ್ವತಮ್ಮ ನನ್ನ ಕಡೆ ನೋಡಿ ಮಣೆ ತೋರಿಸಿದರು, ಅಷ್ಟೇ. ಫೋಟೋದ ಮುಂದೆ ಎಡೆ ಸಿದ್ಧವಾಗಿತ್ತು. ಕೊನೆಯಲ್ಲಿ ಸಂಚಿ ಬಿಚ್ಚಿ ಉಳಿಸಿದ್ದ ಅರ್ಧಗಳನ್ನೆಲ್ಲ ಎಲೆಯ ಬದಿಗೆ ಇಟ್ಟರು. ಒಂದು ಹೊಸ ಎಸಳು ತೆಗೆದು ಎರಡು ಮಾಡಿದರು. ಒಂದು ತುಂಡನ್ನು ಇಟ್ಟರು. ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಕೂತರು. ಆಮೇಲೆ ಅದನ್ನೂ ಎಡೆಯ ಮೇಲೆ ಇಟ್ಟು, ಫೋಟೋ ಕಡೆ ತಿರುಗಿ, "ನಂದೂ ನೀವೇ ಇಟ್ಕೊಳ್ಳಿ," ಎಂದರು. ಸಂಜೆ ಹೊಗೆಸೊಪ್ಪನ್ನೆಲ್ಲ ಒಂದು ಬಾಳೆಯೆಲೆಯಲ್ಲಿ ಕಟ್ಟಿ ಭದ್ರಾ ಹೊಳೆಗೆ ಬಿಟ್ಟರು. ಹರ್ಷಿತಾ ಅತ್ತಳು. ನಾನೂ ಅತ್ತೆ. ಪಾರ್ವತಮ್ಮ ಅಳಲಿಲ್ಲ, ಬಾಯಿ ತೊಳೆದುಕೊಂಡು, "ನಾಳೆ ಎಷ್ಟೊತ್ತಿಗೆ ಬಸ್ಸು?" ಎಂದು ಕೇಳಿದರು.

ಇಲ್ಲಿಗೆ ನಿಲ್ಲಿಸಿದರೆ ಇದು ಸದಾಶಿವಯ್ಯನವರು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸುವ ಯಶೋಗಾಥೆಯಾಗುತ್ತದೆ. ಆದರೆ ಪರೀಕ್ಷೆಯ ಫಲಿತಾಂಶ ಬಂತು. ಅದು ಕ್ಯಾನ್ಸರ್. ಸಾಸಿವೆ ಕಾಳು ಅಡಿಕೆಯಷ್ಟಾಗಿ ದವಡೆಯ ಕಡೆಗೆ ಹಬ್ಬಿತ್ತು. ಎಡಗೆನ್ನೆಯ ಒಳಭಾಗವನ್ನೂ ದವಡೆಯ ಒಂದು ಪಾಲನ್ನೂ ತೆಗೆಯಬೇಕೆಂದರು. ನಾನು ಶಸ್ತ್ರವೈದ್ಯರ ಕೋಣೆಗೆ ಒಬ್ಬಳೇ ಹೋಗಿ, ಜುಲೈನಲ್ಲೇ ಬಂದಿದ್ದರೆ ಎಂದು ಕೇಳಿದೆ. "ಖಚಿತವಾಗಿ ಹೇಳೋಕಾಗಲ್ಲಮ್ಮ. ಬಹುಶಃ ಮಚ್ಚೆ ಮಾತ್ರ ತೆಗೆದು ಕಳಿಸ್ತಿದ್ವಿ," ಎಂದರು. ಆ ಬಹುಶಃ ಎಂಬ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಾನು ಅವತ್ತು ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡಿದ್ದರೆ ಈ ಸಂಚಿಯ ಕಥೆ ಜುಲೈನಲ್ಲೇ ಹೊರಬರುತ್ತಿತ್ತೇನೋ.

ಆಪರೇಷನ್ ಆಯಿತು. ಪಾರ್ವತಮ್ಮ ಉಳಿದರು. ತಿಂಗಳಾದ ಮೇಲೆ ಹರ್ಷಿತಾ ಪ್ರಕರಣದ ನಮೂನೆ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದಳು. ಎಲ್ಲ ತುಂಬಿದ್ದಳು, 'ಚಿಕಿತ್ಸೆ ತಡವಾಗಲು ಕಾರಣ' ಎಂಬ ಕಾಲಂ ಮಾತ್ರ ಖಾಲಿ.

"ಇದನ್ನ ನೀವೇ ಬರೀರಿ ಮೇಡಂ," ಎಂದಳು. "ಏನು ಬರೀಬೇಕು ಅಂತ ನಂಗೆ ಗೊತ್ತು. ನಾನು ಬರೆದ್ರೆ ಚಾಡಿ ಹೇಳ್ದಂಗಾಗುತ್ತೆ."

ಇಪ್ಪತ್ತಾರು ವರ್ಷದಲ್ಲಿ ಆ ಕಾಲಮ್ಮಿನಲ್ಲಿ ನಾನು ಎಷ್ಟು ಸಲ ಅಸಹಕಾರ ಎಂದು ಬರೆದಿದ್ದೇನೋ ಲೆಕ್ಕವಿಲ್ಲ. ಅವುಗಳಲ್ಲಿ ಎಷ್ಟು ನಿಜ ಎಂದು ಈಗ ಯಾರನ್ನು ಕೇಳುವುದು? ಪೆನ್ನು ತೆಗೆದುಕೊಂಡು, "ಸಂಯೋಜಕಿಯು ಮನೆಗೆ ಹೋಗಿ ಮೃತ ಪತಿಯ ಎಡೆಯ ಬಗ್ಗೆ ಹಗುರವಾಗಿ ಮಾತಾಡಿದ್ದು" ಎಂದು ಬರೆದು ಸಹಿ ಹಾಕಿದೆ. ಸದಾಶಿವಯ್ಯನವರು ಮಧ್ಯಾಹ್ನ ನನ್ನನ್ನು ಕರೆಸಿದರು.

"ಏನ್ರೀ ಶಾರದಮ್ಮ, ಇದು ಹೊರಗಿನವರು ನೋಡೋ ಕಡತ. ನಿವೃತ್ತಿಗೆ ಇನ್ನು ಮೂರು ತಿಂಗಳಿಲ್ಲ. ಯಾಕೆ ಇದೆಲ್ಲ?"

"ನಡೆದದ್ದು ಅದೇ ಸರ್."

ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಓದಿದರು. ಈ ಸಲ ಪೀಠಿಕೆ ಇರಲಿಲ್ಲ. "ಆ ಸ್ಲೈಡು ನಂದು. ಅದನ್ನೂ ಸೇರಿಸಿ," ಎಂದರು. ನಾನು ಸೇರಿಸಿದೆ. ಆ ಸ್ಲೈಡು ಈಗ ತರಬೇತಿಯಲ್ಲಿ ಇಲ್ಲ. ಅದರ ಜಾಗದಲ್ಲಿ ಹರ್ಷಿತಾ ಬರೆದ ಎರಡು ಪುಟ ಇದೆ. ಅವಳು ವರ್ಷ ಮುಗಿಸಿ ಸರ್ಟಿಫಿಕೇಟ್ ತೆಗೆದುಕೊಂಡು ನರ್ಸಿಂಗ್ ಸೇರಿದಳು. ಅವಳ ಅಪ್ಪನಿಗೆ ಅದು ಇನ್ನೂ ಪೂರ್ತಿ ಒಪ್ಪಿಗೆಯಿಲ್ಲ.

ನಿವೃತ್ತಿಯ ಹಿಂದಿನ ವಾರ ನಾವಿಬ್ಬರೂ ಭದ್ರಾವತಿಗೆ ಹೋದೆವು. ಪಾರ್ವತಮ್ಮ ಜಗುಲಿಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಎಡಗೆನ್ನೆ ಒಳಗೆ ಸೇದಿಕೊಂಡಿತ್ತು, ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿತ್ತು, ತುಟಿ ಒಂದು ಬದಿ ಕೂಡುತ್ತಿರಲಿಲ್ಲ. ಮಾತು ನಿಧಾನ, ಕಿವಿಗೊಟ್ಟರೆ ತಿಳಿಯುತ್ತಿತ್ತು. ನಾನು ಅವರ ಪಕ್ಕ ಕೂತು, ಅವತ್ತು ಹಾಗೆ ಮಾತಾಡಿದ್ದು ನನ್ನ ತಪ್ಪು ಎಂದೆ. ಅವರು ಬತ್ತಿಯ ಕಡೆಯೇ ನೋಡುತ್ತ, "ಬೈದಿದ್ದಕ್ಕೆ ಬೇಜಾರಿಲ್ಲ," ಎಂದರು. ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು. "ಅಷ್ಟೊಂದು ಹೇಳಿದೆ. ಅವ್ರ ಹೆಸರು ಏನು ಅಂತ ಕೇಳ್ಲಿಲ್ವಲ್ಲ ನೀನು."

ನಿಜ. ನಮ್ಮ ನಮೂನೆಯಲ್ಲಿ ಆ ಕಾಲಂ ಇರಲಿಲ್ಲ, ನಾನೂ ಕೇಳಿರಲಿಲ್ಲ.

"ಏನಮ್ಮ ಅವರ ಹೆಸರು?" ಎಂದೆ.

ಆ ವಯಸ್ಸಿನ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದು ನಮ್ಮ ಕಡೆ ಕಡಿಮೆ. ಅವರು ಹೇಳಿದರು. ತುಟಿ ಕೂಡದೆ ಅದು ಬರೀ ಉಸಿರಾಗಿ ಹೊರಬಂತು. ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದರು. ಆಗಲೂ ತಿಳಿಯಲಿಲ್ಲ. ತಿಳಿಯಿತು ಎಂದು ತಲೆಯಾಡಿಸಿ ಮುಗಿಸಿಬಿಡೋಣ ಎಂದು ಮನಸ್ಸಿಗೆ ಬಂತು, ಬಹಳ ವರ್ಷ ಹಾಗೆಯೇ ಮಾಡಿದ್ದೆ. ಹರ್ಷಿತಾಗೆ ಆ ಹೆಸರು ಗೊತ್ತಿತ್ತು. ಅವಳು ಹೇಳಲು ಹೊರಟಾಗ ಪಾರ್ವತಮ್ಮ ಕೈ ಎತ್ತಿ ತಡೆದರು.

"ಇನ್ನೊಂದ್ಸಲ ಹೇಳಿ ಅಮ್ಮ," ಎಂದೆ.

ಅವರು ಬೆರಳಿನಿಂದ ಎಡತುಟಿಯನ್ನು ಒತ್ತಿ ಹಿಡಿದುಕೊಂಡು ಹೇಳಿದರು.

"ಭರಮಪ್ಪ," ಎಂದೆ ನಾನು.

"ಹೂಂ," ಎಂದರು ಪಾರ್ವತಮ್ಮ.